ವಿದೇಶದ ಇಗರ್ಜಿಗಳಿಗೆ ಒಪ್ಪುವ ಉಡುಪು: ಲಕ್ಷ್ಮೀ ರಸ್ತೆಯ ಬಳಿಯ ಒಂದು ದರ್ಜಿ ಅಂಗಡಿ

ಪುಣೆಯ ಲಕ್ಷ್ಮೀ ರಸ್ತೆಯಿಂದ ತುಳಶೀಬಾಗಿನ ಕಡೆಗೆ ಹೊರಳುವ ಗಲ್ಲಿಯೊಂದರಲ್ಲಿರುವ ಈ ಸಣ್ಣ ದರ್ಜಿ ಅಂಗಡಿಯಲ್ಲಿ ವಿದೇಶ ಪ್ರವಾಸಕ್ಕೆ ಹೊರಟವರಿಗಾಗಿ ಸುತ್ತಿ ಕಟ್ಟುವ ಸ್ಕರ್ಟ್ ಮತ್ತು ಸಡಿಲ ಪ್ಯಾಂಟುಗಳನ್ನು ಹೊಲಿದುಕೊಡುತ್ತಾರೆ, ಹೆಗಲಿಗೋ ತಲೆಗೋ ಹೊದೆಯುವ ಸ್ಟೋಲುಗಳನ್ನೂ ಮಾರುತ್ತಾರೆ. ಇಟಲಿ, ಗ್ರೀಸ್ ಮತ್ತು ಇಸ್ತಾಂಬುಲ್ ಪ್ರವಾಸಕ್ಕೆಂದು ನಾವು ಇಲ್ಲಿಂದ ಒಯ್ದ ಉಡುಪುಗಳಲ್ಲಿ ಸ್ಕರ್ಟನ್ನು ಯಾರಿಗಾದರೂ ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ; ಸ್ಟೋಲಿನ ಬಗ್ಗೆ ಆ ಮಾತು ಹೇಳಲಾರೆ.

ಅಂಗಡಿಯ ಮಾಲೀಕರು ವಿಜಯಪುರದ ಕಡೆಯವರು. ಅಳತೆಯ ಟೇಪು ಕೈಗೆತ್ತಿಕೊಳ್ಳುವ ಮೊದಲೇ ಅವರು, "ಯಾವ್ಯಾವ ಗುಡಿಗೆ ಹೋಗಾವ್ರದೀರಿ ಅಕ್ಕಾರ, ಮೊದ್ಲ ಅದನ್ನ ಹೇಳ್ರಿ" ಎಂದು ಕೇಳುತ್ತಾರೆ. ಈ ಅಂಗಡಿಯ ನಿಜವಾದ ಬಂಡವಾಳ ಆ ಪ್ರಶ್ನೆಯೇ. ವ್ಯಾಟಿಕನ್‌ನ ಸಂತ ಪೀಟರ್ ಬೆಸಿಲಿಕಾದಲ್ಲಿಯೂ ಸಿಸ್ಟೀನ್ ಚಾಪೆಲ್ ಇರುವ ವಸ್ತುಸಂಗ್ರಹಾಲಯದಲ್ಲಿಯೂ ಹೆಂಗಸರು, ಗಂಡಸರು ಎಂಬ ಭೇದವಿಲ್ಲದೆ ಹೆಗಲು ಮತ್ತು ಮೊಣಕಾಲು ಮುಚ್ಚಿರಬೇಕು. ಗ್ರೀಸಿನ ಮೆಟಿಯೋರಾದಲ್ಲಿ, ಕಡಿದಾದ ಬಂಡೆಗಳ ನೆತ್ತಿಯ ಮೇಲಿರುವ ಆರ್ಥೊಡಾಕ್ಸ್ ಕ್ರೈಸ್ತ ಮಠಗಳಿಗೆ ಹೋಗುವ ಹೆಂಗಸರು ಕಾಲು ಪೂರ್ತಿ ಮುಚ್ಚುವ ಪ್ಯಾಂಟ್ ಹಾಕಿದ್ದರೂ ಸಾಲದು, ಅದರ ಮೇಲೆ ಸ್ಕರ್ಟ್ ಇರಲೇಬೇಕು. ಇಸ್ತಾಂಬುಲಿನ ನೀಲಿ ಮಸೀದಿಯಲ್ಲಿ ಹೆಂಗಸರು ತಲೆಗೂದಲನ್ನೂ ಮುಚ್ಚಬೇಕು, ಪಾದರಕ್ಷೆಯನ್ನು ಎಲ್ಲರೂ ಕಳಚಬೇಕು. ಮೆಟಿಯೋರಾದ ಮಠಗಳ ಬಾಗಿಲಲ್ಲಿ ಸುತ್ತಿಕೊಳ್ಳಲು ಬಟ್ಟೆ ಕೊಡುತ್ತಾರೆ ನಿಜ. ಆದರೆ ಬೆಳಗಿನಿಂದ ಎಷ್ಟು ಜನ ಉಟ್ಟು ಬಿಟ್ಟಿದ್ದಾರೋ ತಿಳಿಯದ ಬಟ್ಟೆಯನ್ನು ಉಡಲು ನಮ್ಮ ಮನೆಯಲ್ಲಿ ಯಾರಿಗೂ ಮನಸ್ಸಾಗಲಿಲ್ಲ.

ಸ್ಕರ್ಟಿಗೆ ಮಾಲೀಕರು ಆರಿಸಿಕೊಟ್ಟದ್ದು ಕಡುನೀಲಿ ಬಣ್ಣದ, ತುಸು ದಪ್ಪ ನೇಯ್ಗೆಯ ಹತ್ತಿ ಬಟ್ಟೆ. ನನಗೆ ಹಿಡಿಸಿದ್ದ ತೆಳು ಬಟ್ಟೆಯನ್ನು ಅಂಗಡಿಯ ಬಾಗಿಲಿಗೆ ಒಯ್ದು, ಬಿಸಿಲಿಗೆ ಹಿಡಿದು, ಹಿಂದೆ ತಮ್ಮ ಬೆರಳುಗಳನ್ನು ಅಗಲಿಸಿ ತೋರಿಸಿದರು. ಐದೂ ಬೆರಳು ಎಣಿಸುವಷ್ಟು ಸ್ಪಷ್ಟವಾಗಿ ಕಂಡವು. ಸುತ್ತಿ ಕಟ್ಟುವ ಸ್ಕರ್ಟುಗಳಿಗೆ ಇನ್ನೊಂದು ದೋಷವಿದೆ: ನಿಂತಾಗ ಸರಿಯಾಗಿ ಕಂಡರೂ ಮೆಟ್ಟಿಲು ಹತ್ತುವಾಗ ಸೆರಗು ಬಿಚ್ಚಿಕೊಂಡು ಮೊಣಕಾಲು ಹೊರಗೆ ಬೀಳುತ್ತದೆ. ಇಲ್ಲಿ ಎರಡು ಅಂಚುಗಳನ್ನು ಒಂದರ ಮೇಲೊಂದು ಸಾಕಷ್ಟು ಬರುವಂತೆ ಕತ್ತರಿಸಿ, ಮೊಣಕಾಲಿಗೆ ಸ್ವಲ್ಪ ಮೇಲೆ ಒಳಬದಿಯಲ್ಲಿ ಎರಡು ಟಿಚ್ ಬಟನ್ ಹಾಕುತ್ತಾರೆ. ಬೆಸಿಲಿಕಾದ ಗುಮ್ಮಟಕ್ಕೆ 551 ಮೆಟ್ಟಿಲು. ಲಿಫ್ಟಿನಲ್ಲಿ ತಾರಸಿಯವರೆಗೆ ಹೋದರೂ 320 ಮೆಟ್ಟಿಲುಗಳನ್ನು ಹತ್ತಲೇಬೇಕು. ಇಕ್ಕಟ್ಟಾದ ಆ ಮೆಟ್ಟಿಲುಗಳಲ್ಲಾಗಲಿ, ತುದಿಯಲ್ಲಿ ಬೀಸುವ ಗಾಳಿಯಲ್ಲಾಗಲಿ ಸ್ಕರ್ಟು ಕದಲಲಿಲ್ಲ. ಮೆಟಿಯೋರಾದಲ್ಲಿ ಇದನ್ನೇ ಪ್ಯಾಂಟಿನ ಮೇಲೆ ಸುತ್ತಿ ಲಾಡಿ ಕಟ್ಟಿಕೊಂಡರೆ ಸಾಕಾಯಿತು. ಮೊದಲ ಒಗೆತದಲ್ಲಿ ಬಣ್ಣ ಚೆನ್ನಾಗಿಯೇ ಬಿಟ್ಟಿತು; ಆದ್ದರಿಂದ ಪ್ರವಾಸಕ್ಕೆ ಮುಂಚೆ ಒಮ್ಮೆ ಬೇರೆಯಾಗಿ ನೆನೆಸಿ ಒಗೆಯುವುದು ಮೇಲು.

ನನ್ನ ಯಜಮಾನರು ತ್ರೀ-ಫೋರ್ತ್ ಪ್ಯಾಂಟ್ ಕೇಳಿದಾಗ, ಕುಳಿತರೆ ಅದು ಮೊಣಕಾಲಿನ ಮೇಲೇರುತ್ತದೆಂದು ಮಾಲೀಕರು ಲಿನನ್ನಿನ ಪೂರ್ಣ ಪ್ಯಾಂಟ್ ಹೊಲಿದರು. ಸುಕ್ಕಾಗುತ್ತದೆ, ಆದರೆ ರೋಮಿನ ಬೇಸಿಗೆಗೆ ಹಿತವಾಗಿತ್ತು.

ಸ್ಟೋಲಿನದು ಬೇರೆಯೇ ಕತೆ. ಇಲ್ಲಿ ಸಿಗುವುದೆಲ್ಲ ಜಾರ್ಜೆಟ್ಟಿನದು; ಹೆಗಲ ಮೇಲೂ ನಿಲ್ಲುವುದಿಲ್ಲ, ತಲೆಯ ಮೇಲಂತೂ ನಿಲ್ಲುವುದೇ ಇಲ್ಲ. ನೀಲಿ ಮಸೀದಿಯ ಒಳಗೆ ಚಾವಣಿಯ ಕಡೆ ಕತ್ತೆತ್ತಿದಾಗಲೆಲ್ಲ ಹಿಂದಕ್ಕೆ ಜಾರಿ, ನೋಡುವುದಕ್ಕಿಂತ ಸರಿಪಡಿಸಿಕೊಳ್ಳುವುದೇ ಹೆಚ್ಚಾಯಿತು. ಮಲ್ ಎಂಬ ನವಿರಾದ ಹತ್ತಿ ಬಟ್ಟೆಯ ಸಾದಾ ದುಪಟ್ಟಾವನ್ನು ಬೇರೆಡೆ ಕೊಳ್ಳುವುದು ಒಳಿತು. ಜೊತೆಗಿದ್ದ ನಮ್ಮ ಅತ್ತೆಯವರಿಗೆ ಈ ಯಾವ ತಾಪತ್ರಯವೂ ಇರಲಿಲ್ಲ. ಅವರು ಎಲ್ಲೆಡೆಯೂ ಇಳಕಲ್ ಸೀರೆಯಲ್ಲೇ ತಿರುಗಿದರು, ಮಸೀದಿಯಲ್ಲಿ ಸೆರಗನ್ನೇ ತಲೆಗೆ ಹೊದ್ದರು, ಯಾವ ಬಾಗಿಲಲ್ಲೂ ಯಾರೂ ತಡೆಯಲಿಲ್ಲ. ಸೀರೆ ಉಟ್ಟು ದಿನವಿಡೀ ನಡೆಯಬಲ್ಲವರು ಈ ಅಂಗಡಿಗೆ ಬರುವ ಅಗತ್ಯವೇ ಇಲ್ಲ.

ಹೊಲಿಗೆಯ ಕೂಲಿ ಬಟ್ಟೆಯ ಬೆಲೆಗಿಂತ ಹೆಚ್ಚಾದರೂ ಕೆಲಸ ನೋಡಿದರೆ ದುಬಾರಿ ಅನ್ನಿಸುವುದಿಲ್ಲ. ಹೇಳಿದ ದಿನಕ್ಕೆ ಕೊಡುವ ಅಭ್ಯಾಸ ಮಾತ್ರ ಅವರಿಗಿಲ್ಲ. "ನಾಳೆ ಬರ್ರಿ" ಎಂಬುದನ್ನು ಲೆಕ್ಕಕ್ಕೆ ಹಿಡಿದು, ಹೊರಡುವುದಕ್ಕೆ ತಿಂಗಳಾದರೂ ಮೊದಲೇ ಅಳತೆ ಕೊಡಬೇಕು. ಪುಣೆಯ ವಾಡಿಕೆಯಂತೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತದೆ, ಸೋಮವಾರ ರಜೆ.