ಕ್ಲೌಡ್ ಸರ್ವರ್ ಬ್ಯಾಕಪ್ ಮನೆಯ ಡಿಸ್ಕಿಗೆ: ಆರ್‌ಸಿಂಕ್, ಬೋರ್ಗ್, ರೆಸ್ಟಿಕ್

ಕ್ಲೌಡ್ ಸರ್ವರ್‌ನ ಫೈಲುಗಳನ್ನು ಮನೆಯ ಡಿಸ್ಕಿಗೆ ನಕಲಿಸುವ ಆರ್‌ಸಿಂಕ್, ಬೋರ್ಗ್, ರೆಸ್ಟಿಕ್ ಎಂಬ ಮೂರು ತಂತ್ರಾಂಶಗಳಲ್ಲಿ ಯಾವುದು ವೇಗ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಸರ್ವರ್‌ನ 40 ಜಿಬಿ 40 ಎಂಬಿಪಿಎಸ್ ಫೈಬರ್‌ನಲ್ಲಿ ಇಳಿಯಲು ಹೇಗೂ ಎರಡೂಕಾಲು ಗಂಟೆ ಬೇಕು. ಮರುದಿನದಿಂದ ಮೂರೂ ಬದಲಾದದ್ದನ್ನಷ್ಟೇ ಕಳಿಸುತ್ತವೆ. ವ್ಯತ್ಯಾಸ ಇರುವುದು ಬೇರೆ ಕಡೆ: ಸಂಪರ್ಕ ಯಾವ ತುದಿಯಿಂದ ಶುರುವಾಗುತ್ತದೆ, ಹಳೆಯ ಪ್ರತಿ ಅಳಿಸುವ ಅಧಿಕಾರ ಯಾರ ಕೈಲಿದೆ.

ನಮ್ಮ ಅನೇಕ ಮನೆಗಳ ಇಂಟರ್ನೆಟ್ ಸಿಜಿನ್ಯಾಟ್ (ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚುವ ವ್ಯವಸ್ಥೆ) ಹಿಂದಿರುವುದರಿಂದ ಸರ್ವರ್ ನೇರವಾಗಿ ಮನೆಗೆ ಬರಲಾರದು. ಆರ್‌ಸಿಂಕ್‌ಗೆ ಅದು ಲೆಕ್ಕಕ್ಕೇ ಇಲ್ಲ. ಮನೆಯ ಯಂತ್ರವೇ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದಲ್ಲಿ ಸರ್ವರ್‌ಗೆ ಹೋಗಿ ಎಳೆದುಕೊಳ್ಳುತ್ತದೆ. ಅದಕ್ಕೆ ಬಳಸುವ ಎಸ್‌ಎಸ್‌ಎಚ್ ಕೀಗೆ ಆರ್‌ಆರ್‌ಸಿಂಕ್ ಎಂಬ ಕಡಿವಾಣದ ಸ್ಕ್ರಿಪ್ಟ್ ಹಚ್ಚಿ ಓದಲು ಮಾತ್ರ ಬಿಡಿ. ಲಿಂಕ್-ಡೆಸ್ಟ್ ಆಯ್ಕೆಯಲ್ಲಿ ದಿನಕ್ಕೊಂದು ಪೂರ್ಣ ಫೋಲ್ಡರ್ ಕಾಣುತ್ತದೆ, ಬದಲಾಗದ ಫೈಲುಗಳು ಹಾರ್ಡ್‌ಲಿಂಕ್ (ಹೊಸ ಜಾಗ ಹಿಡಿಯದ, ಅದೇ ಫೈಲಿನ ಇನ್ನೊಂದು ಹೆಸರು) ಆಗಿರುತ್ತವೆ. ಆದರೆ ಅಂಗಡಿಯಿಂದ ತಂದ ಎಕ್ಸ್‌ಫ್ಯಾಟ್ ಡಿಸ್ಕಿನಲ್ಲಿ ಹಾರ್ಡ್‌ಲಿಂಕ್ ಇಲ್ಲ, ಜಾಗ ಬೇಗ ಮುಗಿಯುತ್ತದೆ. ಮೊದಲೇ ಲಿನಕ್ಸ್‌ನ ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ. ರೂಟ್ ಅಲ್ಲದ ಬಳಕೆದಾರನಾಗಿ ಓಡಿಸಿದರೆ ಫೈಲುಗಳ ಮಾಲೀಕತ್ವ ಹೋಗುತ್ತದೆ, ಅದಕ್ಕೆ ಫೇಕ್-ಸೂಪರ್ ಆಯ್ಕೆ ಸೇರಿಸಿ. ಡಿಸ್ಕಿನಲ್ಲಿ ಕೂತ ಪ್ರತಿಗೆ ಎನ್‌ಕ್ರಿಪ್ಷನ್ ಇಲ್ಲ. ಫೋಲ್ಡರಿನ ಹೆಸರು ಬದಲಿಸಿದಿರೋ, ಒಳಗಿನದೆಲ್ಲ ಮತ್ತೆ ಇಳಿಯುತ್ತದೆ.

ಬೋರ್ಗ್ ಮತ್ತು ರೆಸ್ಟಿಕ್ ಫೈಲನ್ನು ತುಂಡು ಮಾಡಿ ಒಂದೇ ತರಹದ್ದನ್ನು ಒಮ್ಮೆ ಮಾತ್ರ ಇಡುತ್ತವೆ. ಎರಡೂ ಸರ್ವರ್‌ನಿಂದ ತಳ್ಳುವಂಥವು. ಹಾಗಾಗಿ ಮನೆಗೂ ಸರ್ವರ್‌ಗೂ ನಡುವೆ ವೈರ್‌ಗಾರ್ಡ್‌ನಂಥ ವಿಪಿಎನ್ ಸುರಂಗ ಬೇಕು. ಸಂಪರ್ಕ ಮನೆಯಿಂದ ಶುರುವಾಗಲಿ, ಸಂಪರ್ಕ ಜೀವಂತವಿಡುವ ಕೀಪ್‌ಅಲೈವ್ 25 ಸೆಕೆಂಡ್ ಇರಲಿ, ಇಲ್ಲದಿದ್ದರೆ ಸುರಂಗ ತಣ್ಣಗಾಗಿ ರಾತ್ರಿಯ ಬ್ಯಾಕಪ್ ತಪ್ಪುತ್ತದೆ.

ಸರ್ವರ್‌ಗೆ ಯಾರಾದರೂ ನುಗ್ಗಿದರೆ ಏನಾದೀತು ಎಂಬಲ್ಲಿ ಇವೆರಡರ ದಾರಿ ಬೇರೆ. ಬೋರ್ಗ್‌ನ ಅಪೆಂಡ್-ಓನ್ಲಿಯಲ್ಲಿ (ಸೇರಿಸಲು ಮಾತ್ರ ಬಿಡುವ ವಿಧಾನ) ನುಗ್ಗಿದವನು ಅಳಿಸಿದಾಗ ಅಳಿಸಿದಂತೆಯೇ ಕಾಣುತ್ತದೆ. ದತ್ತಾಂಶ ಮಾತ್ರ ಡಿಸ್ಕಿನಲ್ಲೇ ಉಳಿದಿರುತ್ತದೆ. ಆಮೇಲೆ ನೀವು ಮನೆಯಲ್ಲಿ ಏನೂ ಅರಿಯದೆ ಕಾಂಪ್ಯಾಕ್ಟ್ ಆಜ್ಞೆ ಓಡಿಸಿದರೆ ಅದು ನಿಜವಾಗಿ ಹೋಗುತ್ತದೆ. 1.2 ಆವೃತ್ತಿಯಿಂದ ಜಾಗ ಬಿಡಿಸಲು ಕಾಂಪ್ಯಾಕ್ಟ್ ಬೇಕೇ ಬೇಕು, ಅದೂ ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ಕ್ರಾನ್‌ನಲ್ಲಿ ಕೂತಿರುತ್ತದೆ! ಮನೆಯಲ್ಲಿ ರೆಸ್ಟಿಕ್‌ನ ಬ್ಯಾಕಪ್ ಸ್ವೀಕರಿಸುವ ರೆಸ್ಟ್-ಸರ್ವರ್ ಅನ್ನು ಅಪೆಂಡ್-ಓನ್ಲಿ ಆಯ್ಕೆಯೊಂದಿಗೆ ಓಡಿಸಿದರೆ ಅದು ಬ್ಯಾಕಪ್ ಅಳಿಸುವ ಕೋರಿಕೆಯನ್ನೇ ತಿರಸ್ಕರಿಸುತ್ತದೆ. ಈ ಒಂದು ಕಾರಣಕ್ಕೇ ಸುರಂಗ ಹಾಕಲು ತಯಾರಿರುವವರಿಗೆ ರೆಸ್ಟಿಕ್ ಎನ್ನುತ್ತೇವೆ.

ಅದರ ಹೊಟ್ಟೆ ಮಾತ್ರ ದೊಡ್ಡದು. ತುಂಡುಗಳ ಪಟ್ಟಿಯಾದ ಇಂಡೆಕ್ಸ್ ಪೂರ್ತಿ ರ‍್ಯಾಮ್‌ನಲ್ಲಿ ಕೂರುವುದರಿಂದ 512 ಎಂಬಿ ಸರ್ವರ್‌ನಲ್ಲಿ ಕರ್ನಲ್ ಅದನ್ನು ನಡುವೆಯೇ ಕೊಲ್ಲಬಹುದು. ಅಷ್ಟು ಚಿಕ್ಕದಕ್ಕೆ ಬೋರ್ಗ್ ಮೇಲು. ರೆಸ್ಟಿಕ್‌ನಲ್ಲಿ ಬೇಡದ ಹಳೆಯ ತುಂಡುಗಳನ್ನು ಅಳಿಸುವ ಪ್ರೂನ್ ಅನ್ನು ಮನೆಯ ಯಂತ್ರದಲ್ಲೇ, ರೆಸ್ಟ್-ಸರ್ವರ್ ಓಡುವ ಬಳಕೆದಾರನ ಹೆಸರಿನಲ್ಲೇ ಮಾಡಿ. ರೂಟ್ ಆಗಿ ಮಾಡಿದರೆ ಹೊಸ ಫೈಲುಗಳು ರೂಟ್ ಪಾಲಾಗಿ ಮುಂದಿನ ಬ್ಯಾಕಪ್ ಅನುಮತಿಯಿಲ್ಲವೆಂದು ನಿಲ್ಲುತ್ತದೆ. ಪಾಸ್‌ವರ್ಡ್ ಕಳೆದರೆ ರೆಸ್ಟಿಕ್ ಭಂಡಾರ ತೆರೆಯಲು ಬೇರೆ ದಾರಿಯಿಲ್ಲ. ಸರ್ವರ್ ಬಿಟ್ಟು ಬೇರೆಡೆ ಬರೆದಿಡಿ.

ಓಡುತ್ತಿರುವ ಮೈಎಸ್‌ಕ್ಯೂಎಲ್ ಡೇಟಾಬೇಸಿನ ಫೋಲ್ಡರನ್ನು ಮೂರರಲ್ಲಿ ಯಾವುದರಿಂದ ನಕಲಿಸಿದರೂ ಹರಕು ಪ್ರತಿಯೇ ಸಿಗುವುದು. ಮೊದಲು ಮೈಎಸ್‌ಕ್ಯೂಎಲ್‌ಡಂಪ್‌ನಿಂದ ಅದನ್ನು ಒಂದು ಪಠ್ಯ ಫೈಲಾಗಿ ತೆಗೆಯಿರಿ; ಇನ್ನೋಡಿಬಿ ಬಗೆಯ ಕೋಷ್ಟಕಗಳಿಗೆ ಸಿಂಗಲ್-ಟ್ರಾನ್ಸಾಕ್ಷನ್ ಆಯ್ಕೆ ಸಾಕು. ಡಂಪನ್ನು ಜಿಜಿಪ್‌ನಿಂದ ಕುಗ್ಗಿಸಬೇಡಿ. ಒಂದು ಸಾಲು ಬದಲಾದರೂ ಅಲ್ಲಿಂದಾಚೆ ಫೈಲೇ ಬೇರೆಯಾಗಿ ತುಂಡುಗಳು ಹೊಂದುವುದಿಲ್ಲ. ಸಂಕೋಚನವನ್ನು ಬೋರ್ಗ್, ರೆಸ್ಟಿಕ್ ತಾವೇ ಮಾಡಿಕೊಳ್ಳುತ್ತವೆ.