ಜಪಾನಿನ ಕೆಲಸಕ್ಕೆ ತಯಾರಿ: ಬಲ್ಮಠದ ತರಬೇತಿ ಕೇಂದ್ರ ಹೇಗಿದೆ?

ಜಪಾನಿನಲ್ಲಿ ಕೆಲಸ ಹುಡುಕುವವರನ್ನು ತಯಾರು ಮಾಡುವ, ಮಂಗಳೂರಿನ ಬಲ್ಮಠದ ಈ ಕೇಂದ್ರಕ್ಕೆ ಸಂದರ್ಶನದ ಅಭ್ಯಾಸ ಒಂದಕ್ಕೇ ಫೀಸು ಕಟ್ಟಬಹುದು. ಬಾಗಿಲನ್ನು ಮೂರು ಸಲ ತಟ್ಟಿ, ಒಳಗಿಂದ ಕರೆ ಬಂದ ಮೇಲೆ ‘ಶಿತ್ಸುರೇಯ್ ಶಿಮಾಸು’ (ಕ್ಷಮಿಸಿ, ಒಳಗೆ ಬರುತ್ತೇನೆ) ಎಂದು ಒಳಹೋಗುವುದು, ಕೂರಲು ಹೇಳಿದ ಮೇಲೆಯೇ ಕೂರುವುದು, ಎಲ್ಲವನ್ನೂ ರೂಢಿಯಾಗುವವರೆಗೆ ಮಾಡಿಸುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ‘ಗಾಕುಚಿಕಾ’: ಕಾಲೇಜು ದಿನಗಳಲ್ಲಿ ಯಾವುದಕ್ಕೆ ಹೆಚ್ಚು ಶ್ರಮ ಹಾಕಿದಿರಿ ಎಂಬ ಪ್ರಶ್ನೆ. ನಮ್ಮ ಮಕ್ಕಳು ಸಿಜಿಪಿಎ, ಬಹುಮಾನ ಹೇಳಿ ಮುಗಿಸಿಬಿಡುತ್ತಾರೆ. ಹೊಸ ಪದವೀಧರರನ್ನು ಸೇರಿಸಿಕೊಂಡು ತಾವೇ ಪಳಗಿಸುವ ಜಪಾನಿ ಕಂಪನಿಗಳು ಕೇಳುವುದು ಬೇರೆಯೇ: ತೊಡಕು ಏನಿತ್ತು, ತಂಡದಲ್ಲಿ ನಿಮ್ಮ ಪಾಲೇನು, ಏನನ್ನು ಬದಲಿಸಿದಿರಿ. ಇಲ್ಲಿನ ಶಿಕ್ಷಕರು ಪ್ರಾಜೆಕ್ಟನ್ನೇ ಹಿಡಿದು ಒಂದು ನಿಮಿಷದ ಉತ್ತರ ಕಟ್ಟಿಸುತ್ತಾರೆ. ಬಹಳ ಒಳ್ಳೆಯ ಕೆಲಸ.

‘ರಿರೆಕಿಶೋ’, ಅಂದರೆ ಅಲ್ಲಿನ ಬಯೋಡೇಟಾ, ತುಂಬಿಸುವುದರಲ್ಲೂ ಕಟ್ಟುನಿಟ್ಟು. ಫೋಟೋ 3 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರ, ಮೂರು ತಿಂಗಳೊಳಗೆ ತೆಗೆಸಿದ್ದು. ಕೈಬರಹವಾದರೆ ಕಪ್ಪು ಪೆನ್ನು. ವೈಟ್ನರ್ ಹಚ್ಚುವಂತಿಲ್ಲ, ತಪ್ಪಿದರೆ ಹೊಸ ಹಾಳೆ. ಇಸವಿಯಿಂದ 2018 ಕಳೆದರೆ ಜಪಾನಿನ ಈಗಿನ ಶಕೆಯಾದ ರೇವಾದ ವರ್ಷ ಸಿಗುತ್ತದೆ; ರೇವಾ ಆಗಲಿ ಇಸವಿಯಾಗಲಿ, ಇಡೀ ಅರ್ಜಿಯಲ್ಲಿ ಒಂದನ್ನೇ ಬಳಸಬೇಕು. ವಿದೇಶಿ ಹೆಸರುಗಳನ್ನು ಬರೆಯುವ ಜಪಾನಿ ಲಿಪಿ ಕತಕಾನಾದಲ್ಲಿ ನಿಮ್ಮ ಹೆಸರಿನ ಬರಹವೂ ಎಲ್ಲ ಕಾಗದಗಳಲ್ಲಿ ಒಂದೇ ಇರಲಿ.

ಕೇಂದ್ರ ಎಡವುವುದು ಕ್ಯಾಲೆಂಡರಿನಲ್ಲಿ. ಅಲ್ಲಿ ಮಾರ್ಚ್‌ನಲ್ಲಿ ಪದವಿ, ಏಪ್ರಿಲ್ 1ಕ್ಕೆ ಕೆಲಸ. ಸರ್ಕಾರದ ವೇಳಾಪಟ್ಟಿಯ ಪ್ರಕಾರ ಮೂರನೇ ವರ್ಷದ ಕೊನೆಗೆ, ಮಾರ್ಚ್ 1ರಂದು, ನೇಮಕಾತಿ ಮಾಹಿತಿ ಬಿಡುಗಡೆ. ಜೂನ್ 1ರಿಂದ ಆಯ್ಕೆ. ಅಕ್ಟೋಬರ್ 1ಕ್ಕೆ ವಿಧ್ಯುಕ್ತ ಆಫರ್. ಎಷ್ಟೋ ಕಂಪನಿಗಳು ಅದಕ್ಕೂ ಮೊದಲೇ ಶುರುಮಾಡುತ್ತವೆ. ಈ ಕೇಂದ್ರವೋ ಕೊನೆಯ ವರ್ಷದವರಿಗೆ ಆಗಸ್ಟ್‌ನಲ್ಲಿ ಬ್ಯಾಚ್ ತೆರೆದು ‘ಡಿಸೆಂಬರಿಗೆ ಎನ್2’ (ಜಪಾನಿ ಭಾಷಾ ಪರೀಕ್ಷೆ ಜೆಎಲ್‌ಪಿಟಿಯ ಐದು ಹಂತಗಳಲ್ಲಿ ಮೇಲಿನಿಂದ ಎರಡನೆಯದು) ಎನ್ನುತ್ತದೆ. ಸೊನ್ನೆಯಿಂದ ಹೊರಟವರಿಗೆ ನಾಲ್ಕು ತಿಂಗಳಲ್ಲಿ ಅದು ಆಗದ ಮಾತು. ಎನ್2 ಪಾಸಾಗಲು 180ಕ್ಕೆ 90 ಅಂಕ ಬೇಕು, ಮೂರು ಭಾಗಗಳಲ್ಲೂ ತಲಾ 19 ಬರಲೇಬೇಕು. ಮಾತಿನ ಪರೀಕ್ಷೆ ಅದರಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಪಾಸಾದವರೂ ಸಂದರ್ಶನದಲ್ಲಿ ತಡವರಿಸುತ್ತಾರೆ. ಎರಡನೇ ವರ್ಷದಲ್ಲೇ ಭಾಷೆ ಶುರುಮಾಡಿ, ಇಲ್ಲಿಗೆ ಸಂದರ್ಶನದ ತಯಾರಿಗೆಂದು ಮಾತ್ರ ಸೇರುವುದು ಲೇಸು.

ಆಫರ್ ಬಂದ ಮೇಲಿನ ಕೆಲಸವನ್ನೂ ಕೇಂದ್ರ ಹೇಳಿಕೊಡುವುದಿಲ್ಲ. ವೀಸಾಕ್ಕೆ ಮೊದಲು ಕಂಪನಿಯ ಕಡೆಯಿಂದ ಅರ್ಹತಾ ಪ್ರಮಾಣಪತ್ರ (ಜಪಾನಿನ ವಲಸೆ ಇಲಾಖೆ ಕೊಡುವ ಸಿಒಇ) ಬರಬೇಕು, ಅದರ ಅವಧಿ ಮೂರೇ ತಿಂಗಳು. ಅದಕ್ಕೆ ಪದವಿಯ ದಾಖಲೆ ಬೇಕು. ಘಟಿಕೋತ್ಸವಕ್ಕೆ ಕಾಯದೆ ಪ್ರೊವಿಷನಲ್ ಸರ್ಟಿಫಿಕೇಟಿಗೆ ಕೂಡಲೇ ಅರ್ಜಿ ಹಾಕಿ.