ಪರದೆಯ ಮುಂದೆ ಪುಟ್ಟ ವಿವಿ: ಫೈನಲ್ ಫ್ಯಾಂಟಸಿ 9 ಆಡಿದ ಮೇಲೆ

ನಮ್ಮಪ್ಪ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು. ಅರಮನೆ ಪರದೆ, ಬೀದಿ ಪರದೆ, ಕಾಡಿನ ಪರದೆ. ಬನಶಂಕರಿ ಜಾತ್ರೆಗೆ ಇನ್ನೊಂದು ತಿಂಗಳು ಅನ್ನುವಾಗ ಬಾದಾಮಿಯಿಂದ ಕರೆ ಬರುತ್ತಿತ್ತು. ಪುಡಿ ಬಣ್ಣಕ್ಕೆ ಅಂಟು ಕಲಸಿಕೊಂಡು, ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಬರಿಗಾಲಲ್ಲಿ ಓಡಾಡುತ್ತ, ಉದ್ದ ಕೋಲಿಗೆ ಕಟ್ಟಿದ ಬ್ರಷ್ಷಿನಿಂದ ಅಪ್ಪ ಒಂದೊಂದೇ ಕಂಬ ಎಬ್ಬಿಸುತ್ತಿದ್ದರು. ಆ ಬಟ್ಟೆಯ ಅಂಚಿನಲ್ಲಿ ಕೂತು ಬೆಳೆದವಳು ನಾನು. ಈಗ ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಫ್ಲೆಕ್ಸ್, ಡಿಟಿಪಿ ಅಂಗಡಿ ಇದೆ. ಇದನ್ನೆಲ್ಲ ಮೊದಲೇ ಹೇಳಿಬಿಟ್ಟೆ, ಏಕೆಂದರೆ ಫೈನಲ್ ಫ್ಯಾಂಟಸಿ 9 ಅನ್ನುವ ವಿಡಿಯೊ ಗೇಮನ್ನು ನಾನು ನೋಡುವುದೇ ಆ ಕಣ್ಣಿನಿಂದ.

ಮತ್ತೆ, ಈ ಆಟ ಶುರುವಾಗುವುದೇ ಒಂದು ನಾಟಕ ಕಂಪನಿಯಿಂದ. ಟಾಂಟಲಸ್ ಅಂತ ಅದರ ಹೆಸರು. ಹಾರುವ ಹಡಗಿನ ಮೇಲೇ ರಂಗಸಜ್ಜಿಕೆ ಇಟ್ಟುಕೊಂಡು ಊರೂರು ತಿರುಗುವ ಮಂದಿ. ಅಲೆಕ್ಸಾಂಡ್ರಿಯಾ ಅನ್ನುವ ರಾಜ್ಯದ ರಾಜಕುಮಾರಿ ಗಾರ್ನೆಟ್‌ಳ 16ನೇ ಹುಟ್ಟುಹಬ್ಬಕ್ಕೆ ಅರಮನೆ ಮುಂದೆ ನಾಟಕ ಆಡಲು ಬಂದಿದ್ದಾರೆ. ಒಳಗಿನ ಗುಟ್ಟು ಬೇರೆ: ನಾಟಕದ ನಡುವೆ ರಾಜಕುಮಾರಿಯನ್ನು ಅಪಹರಿಸಬೇಕು. ಆದರೆ ಗಾರ್ನೆಟ್ ತಾನೇ ಬಂದು "ನನ್ನನ್ನು ಅಪಹರಿಸಿ" ಎನ್ನುತ್ತಾಳೆ. ಅವಳನ್ನು ಕಾಯಬೇಕಾದ ಸೇನಾಪತಿ ಸ್ಟೈನರ್ ಬೆನ್ನಟ್ಟಿ ಬಂದವನು ನೇರ ರಂಗದ ಮೇಲೇ ಬಂದುಬಿಡುತ್ತಾನೆ. ಕೆಳಗೆ ರಾಣಿ, ದರಬಾರು, ಜನ. ಪಾತ್ರಧಾರಿಗಳು ನಾಟಕ ನಿಲ್ಲಿಸುವುದಿಲ್ಲ. ಅವರೆಲ್ಲರನ್ನೂ ಕಥೆಯೊಳಗೆ ಸೇರಿಸಿಕೊಂಡು ಮುಂದುವರಿಸುತ್ತಾರೆ. ಮಾತು ಮರೆತ ನಟನನ್ನು ಎದುರಿನವನು ಹೇಗೆ ದಡ ಸೇರಿಸುತ್ತಾನೆ ಅಂತ ಸೈಡ್‌ವಿಂಗಿನಲ್ಲಿ ನಿಂತು ನೋಡಿದವರಿಗೆ ಈ ದೃಶ್ಯದ ಬೆಲೆ ಗೊತ್ತಾಗುತ್ತದೆ. ಅದಕ್ಕೂ ಮುಂಚೆ ಒಂದು ಕತ್ತಿವರಸೆ ಇದೆ. ಪರದೆ ಮೇಲೆ ಬರುವ ಬಟನ್‌ಗಳನ್ನು ಸರಿಯಾದ ಹೊತ್ತಿಗೆ ಒತ್ತಬೇಕು. ಮುಗಿದ ಮೇಲೆ 100 ಮಂದಿ ಶ್ರೀಮಂತರಲ್ಲಿ ಎಷ್ಟು ಜನಕ್ಕೆ ಮೆಚ್ಚಿಕೆಯಾಯಿತು ಅಂತ ಲೆಕ್ಕ ತೋರಿಸುತ್ತಾರೆ. ಸಾಲದು ಅನಿಸಿದರೆ ವನ್ಸ್‌ಮೋರ್!

ನಾನು ಇದನ್ನು ಮೊದಲು ನೋಡಿದ್ದು 2004ರಲ್ಲಿ. ಡಿಪ್ಲೊಮಾ ಓದಲು ಬೆಳಗಾವಿಗೆ ಹೋಗಿ ಟಿಳಕವಾಡಿಯ ದೊಡ್ಡಪ್ಪನ ಮನೆಯಲ್ಲಿದ್ದೆ. ಅಣ್ಣ ಯಾರಿಂದಲೋ ಹಳೆಯ ಪ್ಲೇಸ್ಟೇಷನ್, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರ, ಕೊಂಡಿದ್ದ. ಆಟ 4 ಡಿಸ್ಕಿನಲ್ಲಿತ್ತು. ಸ್ಕ್ವೇರ್ ಕಂಪನಿ ಇದನ್ನು ಜಪಾನಿನಲ್ಲಿ ಹೊರತಂದದ್ದು 2000ದ ಜುಲೈ 7ಕ್ಕೆ; ಆ ಹೊತ್ತಿಗೆ ಅಲ್ಲಿ ಪ್ಲೇಸ್ಟೇಷನ್ 2 ಮಾರುಕಟ್ಟೆಗೆ ಬಂದು ನಾಲ್ಕು ತಿಂಗಳಾಗಿತ್ತು. ಅಂದರೆ ಹಳೆಯ ಯಂತ್ರದ ಕೊನೆಗಾಲದ ಆಟ ಇದು. ಆ ಯಂತ್ರದಿಂದ ಎಷ್ಟು ಹಿಂಡಬಹುದೋ ಅಷ್ಟನ್ನೂ ಹಿಂಡಿದ್ದಾರೆ. ಅಣ್ಣ ತಂದ ಡಿಸ್ಕುಗಳು ನಕಲಿ. ಮೂರನೆಯ ಡಿಸ್ಕಿನಲ್ಲಿ ಅಲೆಕ್ಸಾಂಡ್ರಿಯಾ ಹೊತ್ತಿ ಉರಿಯುವಾಗ, ಕೋಟೆಯೊಳಗಿನಿಂದ ಬಿಳಿ ರೆಕ್ಕೆಗಳು ಬಿಚ್ಚಿಕೊಳ್ಳುವ ಜಾಗಕ್ಕೆ ಬಂದರೆ ಚಿತ್ರ ಗಕ್ಕನೆ ನಿಲ್ಲುತ್ತಿತ್ತು. ಬಟ್ಟೆಯಿಂದ ಒರೆಸಿದೆವು, ಯಂತ್ರವನ್ನು ಬೋರಲು ಹಾಕಿ ನೋಡಿದೆವು. ಮಾರಿದ ಅಂಗಡಿಯವರು ಬದಲಿ ಕೊಡುವುದಿಲ್ಲ ಅಂದರು. ಆ ರೆಕ್ಕೆಗಳ ಆಚೆ ಏನಾಯಿತು ಅಂತ ನನಗೆ ಗೊತ್ತಾಗಲು ಹನ್ನೆರಡು ವರ್ಷಕ್ಕೂ ಮೇಲಾಯಿತು. 2016ರಲ್ಲಿ ಆಟ ಫೋನಿಗೆ, ಕಂಪ್ಯೂಟರಿಗೆ ಬಂತು. ನಾನು ಅಂಗಡಿಯ ಕಂಪ್ಯೂಟರಿನಲ್ಲೇ ಮುಗಿಸಿದೆ. ಹೋದ ವರ್ಷ ಮಗನ ಜೊತೆ ಫೋನಿನಲ್ಲಿ ಮತ್ತೆ ಮೊದಲಿನಿಂದ ಆಡಿದೆ.

ಮೊದಲು ಪರದೆಯ ಮಾತು. ಈ ಆಟದ ಊರು, ಕೋಟೆ, ಗುಹೆಗಳೆಲ್ಲ ಮುಂಚೆಯೇ ಸಿದ್ಧಮಾಡಿ ಇಟ್ಟ ಚಿತ್ರಗಳು. ಪಾತ್ರಗಳು ಮಾತ್ರ ಅದರ ಮುಂದೆ ಓಡಾಡುತ್ತವೆ. ಥೇಟ್ ಕಂಪನಿ ನಾಟಕ. ಟ್ರೆನೊ ಅನ್ನುವ ಊರಿದೆ, ಅಲ್ಲಿ ಯಾವಾಗಲೂ ರಾತ್ರಿ. ಅದನ್ನು ಟಿವಿಗೆ ಹಾಕಿ ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ ಹೇಳಿದರು: "ರಾತ್ರಿ ಬೀದಿ ಬರಿಯೂದು ಭಾಳ ಕಷ್ಟ ಐತಿ ನೋಡವ್ವಾ. ಕಪ್ಪು ಹಚ್ಚಿದ್ರ ಲೈಟಿನ ಬೆಳಕೆಲ್ಲಾ ನುಂಗಿಬಿಡ್ತೈತಿ. ಇವರು ಕಪ್ಪು ಹಚ್ಚೇ ಇಲ್ಲ, ನೀಲಿ ಹಚ್ಚ್ಯಾರ." ಆಮೇಲೆ ನಾನು ಸುಮ್ಮನೆ ಆ ಊರಿನ ಮೂಲೆ ಮೂಲೆ ತಿರುಗಿದೆ, ಅಪ್ಪ ನೋಡುತ್ತ ಕೂತರು. ಆ ಮಧ್ಯಾಹ್ನ ಆಟ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ.

ಹೊಸ ಆವೃತ್ತಿಯ ಮೇಲೆ ನನ್ನ ದೊಡ್ಡ ತಕರಾರು ಇಲ್ಲೇ ಇರುವುದು. ಪಾತ್ರಗಳನ್ನು ಚೂಪಾಗಿ ಹೊಸದಾಗಿ ಮಾಡಿದ್ದಾರೆ. ಹಿಂದಿನ ಚಿತ್ರಗಳನ್ನು ಮಾತ್ರ ಹಳೆಯವನ್ನೇ ಎಳೆದು ದೊಡ್ಡದು ಮಾಡಿದ್ದರಿಂದ ಮಸುಕಾಗಿವೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊವನ್ನು ಹತ್ತು ಅಡಿ ಫ್ಲೆಕ್ಸಿಗೆ ಹಾಕಿಕೊಡಿ ಅಂತ ದಿನಾ ಗಿರಾಕಿಗಳು ಬರುತ್ತಾರಲ್ಲ, ಅದೇ ಪಾಡು. ಫೋನಿನ ಸಣ್ಣ ಪರದೆಯಲ್ಲಿ ಇದು ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. ದೊಡ್ಡ ಟಿವಿಯಲ್ಲಿ ಹೊಡೆಯುತ್ತದೆ.

ಇನ್ನು ಪಾತ್ರಗಳು. ನಾಯಕ ಜಿಡಾನ್, ಬಾಲ ಇರುವ ಹುಡುಗ, ಕಂಪನಿಯ ನಟ, ಕಳ್ಳ. ಬಿದ್ದವರನ್ನು ಎತ್ತಲು ಕಾರಣ ಕೇಳಬಾರದು ಅನ್ನುವವನು. ನನಗೆ ಇಷ್ಟ. ಆದರೂ ಈ ಆಟ ಅವನದಲ್ಲ, ವಿವಿಯದು.

ವಿವಿ ಒಂಬತ್ತು ವರ್ಷದ ಹುಡುಗ ಅಂತ ತಿಳಿಯಿರಿ. ಚೂಪು ಟೊಪ್ಪಿಗೆ, ಅದರ ನೆರಳಲ್ಲಿ ಮುಖವೇ ಕಾಣದು, ಎರಡು ಹಳದಿ ಕಣ್ಣು ಅಷ್ಟೇ. ನಾಟಕ ನೋಡುವ ಆಸೆಯಿಂದ ಟಿಕೆಟ್ ಹಿಡಿದು ಊರಿಗೆ ಬಂದಿದ್ದಾನೆ. ಟಿಕೆಟ್ ನಕಲಿ. ನಡೆಯುವಾಗ ಎಡವುತ್ತಾನೆ, ಟೊಪ್ಪಿಗೆ ಸರಿಮಾಡಿಕೊಳ್ಳುತ್ತಾನೆ. ಆಟದುದ್ದಕ್ಕೂ ಆ ಟೊಪ್ಪಿಗೆ ಸರಿಮಾಡಿಕೊಳ್ಳುವ ಕೈ ನನ್ನ ಕಣ್ಣಲ್ಲಿ ಉಳಿದಿದೆ. ಮುಂದೆ ಡಾಲಿ ಅನ್ನುವ ಹಳ್ಳಿಗೆ ಬರುತ್ತೇವೆ. ನೋಡಲು ಬಡ ಹಳ್ಳಿ, ಹೊಲಗಳೆಲ್ಲ ಪಾಳು. ನೆಲದ ಕೆಳಗೆ ಕಾರ್ಖಾನೆ ಇದೆ. ಅಲ್ಲಿ ಯುದ್ಧಕ್ಕೆಂದು ಗೊಂಬೆಗಳನ್ನು ತಯಾರಿಸುತ್ತಿದ್ದಾರೆ, ಎಲ್ಲವೂ ವಿವಿಯಂತೆಯೇ ಇವೆ! ಅದೇ ಟೊಪ್ಪಿಗೆ, ಅದೇ ಕಣ್ಣು.

ಆ ಗೊಂಬೆಗಳನ್ನು ಹೇರಿದ ಹಡಗಿನಲ್ಲಿ ವಿವಿ ಒಬ್ಬೊಬ್ಬರ ಹತ್ತಿರವೂ ಹೋಗಿ ಮಾತಾಡಿಸುತ್ತಾನೆ. ಯಾರೂ ತಿರುಗಿ ನೋಡುವುದಿಲ್ಲ, ತಮ್ಮ ಕೆಲಸ ತಾವು ಮಾಡುತ್ತಿರುತ್ತಾರೆ. ಮಗ ಕೇಳಿದ: "ಅವ್ವಾ, ಅವರ್ಯಾಕ ಮಾತಾಡವಲ್ರು?" ನಾನು ಉತ್ತರ ಕೊಡಲಿಲ್ಲ, ಮುಂದೆ ಏನಿದೆ ಅಂತ ಗೊತ್ತಿತ್ತು. ಬೆನ್ನಟ್ಟಿ ಬಂದ ಮಾಂತ್ರಿಕನೊಬ್ಬ ವಿವಿಯ ಮೇಲೆ ಸಿಡಿಲು ಎಸೆಯಲು ಕೈಯೆತ್ತಿದಾಗ, ಇಷ್ಟು ಹೊತ್ತು ಕಲ್ಲಿನಂತಿದ್ದ ಅವರೆಲ್ಲ ಒಬ್ಬೊಬ್ಬರಾಗಿ ಬಂದು ವಿವಿಗೆ ಅಡ್ಡ ನಿಲ್ಲುತ್ತಾರೆ. ಒಂದು ಮಾತಿಲ್ಲ. ಎಲ್ಲರೂ ಹಡಗಿನಿಂದ ಉದುರಿಹೋಗುತ್ತಾರೆ. ಮಗ ಫೋನನ್ನು ಹಾಸಿಗೆ ಮೇಲಿಟ್ಟು ನನ್ನ ಮಗ್ಗುಲಿಗೆ ಬಂದು ಕೂತ.

ಇನ್ನೂ ಮುಂದೆ ಕಾಡಿನ ನಡುವೆ ಒಂದು ಹಳ್ಳಿ ಸಿಗುತ್ತದೆ. ಯುದ್ಧದಿಂದ ತಪ್ಪಿಸಿಕೊಂಡು, ಬುದ್ಧಿ ತಿಳಿದು, ತಾವೇ ಗುಡಿಸಲು ಕಟ್ಟಿಕೊಂಡ ಗೊಂಬೆಗಳ ಹಳ್ಳಿ. ಅವರಿಗೆ ಹೆಸರಿಲ್ಲ, ನಂಬರು. ಅಲ್ಲೊಂದು ಸ್ಮಶಾನ ಇದೆ. ತಯಾರಾಗಿ ಸುಮಾರು ಒಂದು ವರ್ಷಕ್ಕೆ ಅವರು ನಿಂತುಹೋಗುತ್ತಾರೆ. ಒಬ್ಬ ಗೊಂಬೆ ತನ್ನ ಗೆಳೆಯನನ್ನು ಹೂಳಿದ ಜಾಗ ತೋರಿಸಿ, ಅವನು ಮಣ್ಣಿನಿಂದ ಎದ್ದು ಬಂದ ಮೇಲೆ ಕೊಳಕ್ಕೆ ಕರೆದುಕೊಂಡು ಹೋಗಿ ಮೈ ತೊಳೆಯುತ್ತೇನೆ ಅನ್ನುತ್ತಾನೆ. ಸಾವು ಅಂದರೆ ಏನು ಅಂತ ಇನ್ನೂ ತಿಳಿಯದವನು. ಆ ಮಾತು ಓದಿದ ದಿನ ನಾನು ಅಂಗಡಿ ಬೇಗ ಮುಚ್ಚಿದೆ. ವಿವಿ ಇದೆಲ್ಲ ತಿಳಿದೂ ಬಂಡಿ ಬಿಟ್ಟು ಇಳಿಯುವುದಿಲ್ಲ, ಜೊತೆಯವರ ಜೊತೆ ನಡೆಯುತ್ತಾನೆ. ಕೊನೆಗೆ ಅವನಿಗೇನಾಯಿತು ಅಂತ ನಾನು ಹೇಳುವುದಿಲ್ಲ. ನೀವೇ ನೋಡಬೇಕು.

ಸ್ಟೈನರ್‌ನ ಬಗ್ಗೆ ಹೇಳಲೇಬೇಕು. ಕಬ್ಬಿಣದ ಅಂಗಿ ಖಣಖಣ ಅನ್ನಿಸುತ್ತ ಕೂಗಾಡುವ ಈತ ಮೊದಲು ಬರೀ ಹಾಸ್ಯದ ಪಾತ್ರ ಅನಿಸುತ್ತಾನೆ. ಆಟದ ಮಾತೆಲ್ಲ ಇಂಗ್ಲಿಷಿನಲ್ಲಿದೆ, ಕನ್ನಡ ಇಲ್ಲ. ಹಾಗಾಗಿ ಮಗನಿಗೆ ನಾನು ಓದಿ ಹೇಳುತ್ತಿದ್ದೆ, ಸ್ಟೈನರ್‌ಗೆ ಮಾತ್ರ ಪೌರಾಣಿಕ ನಾಟಕದ ಧಾಟಿ ಕೊಟ್ಟೆ: "ಎಲವೋ ದುರುಳಾ, ರಾಜಕುಮಾರಿಯನ್ನು ಬಿಡು!" ಚೆನ್ನಾಗಿ ಒಪ್ಪಿತು. ಜಿಡಾನ್‌ನನ್ನು ಹುಳದಂತೆ ಕಾಣುವ ಈ ಸೇನಾಪತಿ ಆ ಪುಟ್ಟ ವಿವಿಯನ್ನು ಮಾತ್ರ ಮೊದಲಿನಿಂದ ಬಹುವಚನದಲ್ಲೇ ಮಾತಾಡಿಸುತ್ತಾನೆ, "ವಿವಿಯವರೇ" ಅನ್ನುವ ಹಾಗೆ. ತಾನು ಕಾರ್ಖಾನೆಯಲ್ಲಿ ಹುಟ್ಟಿದವನೋ ಅಂತ ಕೊರಗುವ ಮಗುವಿಗೆ ಅಷ್ಟು ಮರ್ಯಾದೆ ಕೊಡುವವನು ಅವನೊಬ್ಬನೇ. ಹೊಡೆದಾಟದಲ್ಲೂ ಇದನ್ನೇ ಹೆಣೆದಿದ್ದಾರೆ: ವಿವಿ ಜೊತೆಗಿದ್ದರೆ ಮಾತ್ರ ಸ್ಟೈನರ್‌ನ ಕತ್ತಿಗೆ ಬೆಂಕಿ, ಹಿಮ, ಸಿಡಿಲು ಹತ್ತುತ್ತವೆ. ವಿವಿ ಇಲ್ಲದಿದ್ದರೆ ಆ ವಿದ್ಯೆಯೇ ಇಲ್ಲ.

ಗಾರ್ನೆಟ್‌ಳದೂ ಹಾಗೆಯೇ. ಅರಮನೆ ಬಿಟ್ಟ ಮೇಲೆ ಡ್ಯಾಗರ್ ಅಂತ ಹೆಸರಿಟ್ಟುಕೊಂಡು, ಜನಸಾಮಾನ್ಯರ ಮಾತು ಕಲಿಯಲು ಒದ್ದಾಡುತ್ತಾಳೆ. ನನ್ನ ಡಿಸ್ಕು ನಿಲ್ಲುತ್ತಿದ್ದ ಜಾಗದ ಆಚೆ ಇದ್ದದ್ದು ಇದು: ಊರು ಹಾಳಾದ ಮೇಲೆ ಅವಳ ಮಾತೇ ನಿಂತುಹೋಗುತ್ತದೆ. ಆಗ ಹೊಡೆದಾಟದಲ್ಲಿ ಅವಳಿಗೆ ಏನು ಹೇಳಿದರೂ ಎಷ್ಟೋ ಸಲ ಮನಸ್ಸು ನಿಲ್ಲದೆ ಕೈಬಿಡುತ್ತಾಳೆ. ಗಾಯಾಳುವಿಗೆ ಮದ್ದು ಹಾಕು ಅಂದರೂ ಆಗುವುದಿಲ್ಲ. ಮೊದಲು ಫೋನೇ ಕೆಟ್ಟಿತೇನೋ ಅಂದುಕೊಂಡೆ. ದುಃಖದಲ್ಲಿರುವವರಿಗೆ ಕೆಲಸ ಹೇಳಿದರೆ ಹೇಗಿರುತ್ತದೆ ಅಂತ ಆಟ ಬೆರಳಿಗೇ ತಿಳಿಸಿಬಿಟ್ಟಿತು. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆ ಬಿಟ್ಟು ಬಂದ ವರ್ಷ ನಮ್ಮ ಅಜ್ಜಿ ಹೀಗೇ ಇದ್ದಳು, ಒಲೆ ಮುಂದೆ ಕೂತು ಹಿಟ್ಟು ನಾದುವುದನ್ನೇ ಮರೆತು.

ಉಳಿದವರಲ್ಲಿ ಆರು ವರ್ಷದ ಐಕೊ ಮುದ್ದು. ಕಪ್ಪೆ ಹಿಡಿದು ತಿನ್ನುವ ಕ್ವಿನಾ ಮಗನ ಅಚ್ಚುಮೆಚ್ಚು. ಮಳೆ ನಿಲ್ಲದ ಊರಿನ ಫ್ರೇಯಾಳ ಕಥೆ ಎಷ್ಟು ಚೆನ್ನಾಗಿ ಶುರುವಾಗುತ್ತದೋ ಅಷ್ಟೇ ಅನ್ಯಾಯವಾಗಿ ಅರ್ಧಕ್ಕೆ ಬಿಟ್ಟಿದ್ದಾರೆ: ಹುಡುಕಿ ಹುಡುಕಿ ಸಿಕ್ಕ ಪ್ರಿಯಕರನಿಗೆ ಅವಳ ನೆನಪೇ ಇಲ್ಲ, ಆಮೇಲೆ ಅವಳಿಗೆ ಕಥೆಯಲ್ಲಿ ಹೆಚ್ಚು ಕೆಲಸವೂ ಇಲ್ಲ. ಅಮರಾಂತ್ ತಡವಾಗಿ ಬರುತ್ತಾನೆ, ಬಂದದ್ದು ಯಾಕೆ ಅಂತ ಮನಸ್ಸಿಗೆ ಹತ್ತುವುದಿಲ್ಲ. ಕೊನೆಯ ಕಾಳಗಕ್ಕೆ ಅಲ್ಲಿಯವರೆಗೆ ಹೆಸರೇ ಕೇಳದವನೊಬ್ಬ ದಿಢೀರನೆ ಎದ್ದು ನಿಲ್ಲುತ್ತಾನೆ. ಕೂಜಾನಂಥ ಖಳನಾಯಕನನ್ನು ಇಟ್ಟುಕೊಂಡು ಹೀಗೆ ಮಾಡಬಾರದಿತ್ತು.

ಹೊಡೆದಾಟ ನಿಧಾನ, ಇದು ನಿಜವಾದ ದೋಷ. ನಮ್ಮ ಕಡೆ ನಾಲ್ಕು ಜನ, ಒಬ್ಬೊಬ್ಬರಿಗೂ ಸರದಿ ತುಂಬುವ ಪಟ್ಟಿ, ಅದು ತುಂಬುವವರೆಗೆ ಕಾಯಬೇಕು. ಪ್ಲೇಸ್ಟೇಷನ್‌ನಲ್ಲಿ ಒಂದು ಸಣ್ಣ ಕಾಳಗ ಶುರುವಾಗುವುದರೊಳಗೆ ದೊಡ್ಡಮ್ಮ ಚಹಾ ತಂದುಕೊಟ್ಟು ಹೋಗುತ್ತಿದ್ದಳು. ಹೊಸ ಆವೃತ್ತಿಯಲ್ಲಿ ವೇಗ ಹೆಚ್ಚಿಸುವ, ದಾರಿಯಲ್ಲಿ ಶತ್ರುಗಳೇ ಎದುರಾಗದಂತೆ ಮಾಡುವ ಸೌಲಭ್ಯಗಳಿವೆ. ವೇಗದ್ದನ್ನು ಧಾರಾಳ ಬಳಸಿ. ಪ್ರತಿ ಹೊಡೆತಕ್ಕೂ 9999 ಬೀಳುವಂತೆ ಮಾಡುವುದನ್ನು ಮಾತ್ರ ಮುಟ್ಟಬೇಡಿ, ಆಯುಧಗಳಿಂದ ವಿದ್ಯೆ ಕಲಿಯುವ ರುಚಿಯೇ ಹೋಗುತ್ತದೆ. ಒಂದು ಕತ್ತಿಯನ್ನೋ ಟೊಪ್ಪಿಗೆಯನ್ನೋ ತೊಟ್ಟು ಹೋರಾಡುತ್ತಿದ್ದರೆ ಅದರೊಳಗಿನ ವಿದ್ಯೆ ಮೈಗೆ ಇಳಿಯುತ್ತದೆ. ಆಮೇಲೆ ಅದನ್ನು ತೆಗೆದಿಟ್ಟರೂ ವಿದ್ಯೆ ಉಳಿಯುತ್ತದೆ. ಅದಕ್ಕೇ ಹಳೆಯ ಸಾಮಾನು ಮಾರಲು ಅವಸರ ಮಾಡಬಾರದು. ಇದರೊಳಗೇ ಒಂದು ಕಾರ್ಡ್ ಆಟವೂ ಇದೆ, ಅದರ ನಿಯಮ ಎರಡು ಸಲ ಮುಗಿಸಿದರೂ ನನಗೆ ಪೂರ್ತಿ ಹಿಡಿತಕ್ಕೆ ಬಂದಿಲ್ಲ.

ಸಂಗೀತ ನೊಬುವೊ ಉಎಮತ್ಸು ಅವರದು. ತಮ್ಮ ಕೆಲಸಗಳಲ್ಲಿ ತಮಗೆ ಮೆಚ್ಚಿನದು ಇದೇ ಅಂತ ಅವರೇ ಹೇಳಿದ್ದಾರೆ, ಸರಣಿ ಹುಟ್ಟುಹಾಕಿದ ಹಿರೊನೊಬು ಸಕಗುಚಿಗೂ ಎಲ್ಲದಕ್ಕಿಂತ ಈ ಒಂಬತ್ತನೆಯದೇ ಹತ್ತಿರ. ಫೋನಿನಲ್ಲಿ ಆಡುವವರು ಇಯರ್‌ಫೋನ್ ಹಾಕಿಕೊಳ್ಳಿ, ಗೊಂಬೆಗಳ ಹಳ್ಳಿಗೆ ಹೋದಾಗಲಾದರೂ.

ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಮಸುಕಾದ ಪರದೆಗಳಿಗೆ. ಮಕ್ಕಳಿಗೆ ಇಂಗ್ಲಿಷ್ ಓದುವುದು ಕಷ್ಟವಾದರೆ ಪಕ್ಕದಲ್ಲಿ ಕೂತು ಓದಿ ಹೇಳಿ, ಬೇರೆ ದಾರಿ ಇಲ್ಲ.

ಮಗ ಮೊನ್ನೆ ಹೊಸದಾಗಿ ಶುರುಮಾಡಿದ್ದಾನೆ. ಆದರೆ ವಿವಿಯನ್ನು ನಾಟಕಕ್ಕೆ ಕಳಿಸುತ್ತಿಲ್ಲ. ಅಲೆಕ್ಸಾಂಡ್ರಿಯಾದ ಬೀದಿಯಲ್ಲಿ ಇಬ್ಬರು ಹುಡುಗಿಯರು ಹಗ್ಗ ತಿರುಗಿಸುತ್ತಿರುತ್ತಾರೆ, ವಿವಿ ಅದರಲ್ಲಿ ಜಿಗಿಯಬಹುದು. ಸಾವಿರ ಜಿಗಿದರೆ ಹಗ್ಗದಾಟದ ರಾಜ ಅಂತ ಬಿರುದು ಕೊಡುತ್ತಾರೆ. ನಿನ್ನೆ ರಾತ್ರಿ ಊಟಕ್ಕೆ ಕರೆದಾಗ 312 ಆಗಿತ್ತು. "ತಡೀ ಅವ್ವಾ, ಈಗ ಬಿಟ್ರ ಮತ್ತ ಒಂದರಿಂದ ಶುರು ಮಾಡ್ಬೇಕು" ಅಂದ. ರೊಟ್ಟಿ ಮುಚ್ಚಿಟ್ಟು ನಾನೂ ಪಕ್ಕದಲ್ಲಿ ಎಣಿಸುತ್ತ ಕೂತೆ.